ದಾಸ್ಯಪತ್ರ ಬರೆಯಲೊಲ್ಲದ ಜಾನ್ ವೂಲ್ಮನ್

ಪರನಾಡಿಗೆ ಬಂದು ನೆಲೆಸಿದವರಿಗೆ ತಮ್ಮವರ ಸಂಘವೆಂಬುದು ಎರಡನೆಯ ತವರುಮನೆಯಿದ್ದಂತೆ. ಈ ನಗರಕ್ಕೆ ಬಂದ ನಮ್ಮ ಹಿರಿಯರು ಭಾಷೆಯ ಹೆಸರಿನಲ್ಲಿಯೂ ಊರಿನ ಹೆಸರಿನಲ್ಲಿಯೂ ಸಮಾಜದ ಹೆಸರಿನಲ್ಲಿಯೂ ಸಂಘಗಳನ್ನು ಕಟ್ಟಿಕೊಂಡುದು ಇದೇ ಕಾರಣದಿಂದ. ಕಷ್ಟಕಾಲದಲ್ಲಿ ಕೈಹಿಡಿಯುವುದು ಸಂಘ. ಮಕ್ಕಳ ಓದಿಗೂ ಮನೆಯ ಮದುವೆಗೂ ಒದಗುವುದು ಸಂಘ. ಆದುದರಿಂದಲೇ ಆ ಸಂಘವು ತಪ್ಪು ಮಾಡಿದಾಗ ನಡುಸಭೆಯಲ್ಲಿ ಎದ್ದು ನಿಂತು ಅದನ್ನು ತಪ್ಪೆಂದು ಹೇಳುವುದು ಬಹು ಕಷ್ಟ. ಹೊರಗಿನವರ ಅನ್ಯಾಯವನ್ನು ಖಂಡಿಸುವವರು ಎಲ್ಲ ಕಾಲದಲ್ಲಿಯೂ ಉಂಟು. ತನ್ನವರ ಅನ್ಯಾಯವನ್ನು, ಅವರೊಡನೆಯೇ ಬಾಳುತ್ತ, ಅವರನ್ನು ದ್ವೇಷಿಸದೆ ತಿದ್ದಿದವರು ವಿರಳ. ಅಂಥ ವಿರಳರಲ್ಲೊಬ್ಬನಾದ ಜಾನ್ ವೂಲ್ಮನ್ ಎಂಬ ಅಂಗಡಿಕಾರನ ಚರಿತ್ರೆಯನ್ನು ನಮ್ಮ ವಿದ್ಯಾರ್ಥಿಗಳ ಮುಂದೆ ಇಡಬಯಸುತ್ತೇವೆ.

ಮೊದಲು ಆತನ ಸಂಘದ ವಿಚಾರವನ್ನು ತಿಳಿಯಬೇಕು. ಹದಿನೇಳನೆಯ ಶತಮಾನದ ನಡುವೆ ಇಂಗ್ಲೆಂಡಿನಲ್ಲಿ ಜಾರ್ಜ್ ಫಾಕ್ಸ್ ಎಂಬಾತನ ಬೋಧನೆಯಿಂದ ಪ್ರಾಟೆಸ್ಟಂಟ್ ಕ್ರೈಸ್ತರಲ್ಲಿ ಒಂದು ಹೊಸ ಪಂಥವು ಹುಟ್ಟಿತು. ಅವರು ತಮ್ಮನ್ನು ಮಿತ್ರರ ಸಮಾಜವೆಂದು ಕರೆದುಕೊಂಡರು. ಜನರು ಅವರನ್ನು ಕ್ವೇಕರರೆಂದು ಕರೆದರು. ಪ್ರತಿಯೊಬ್ಬ ಮನುಷ್ಯನ ಅಂತರಂಗದಲ್ಲಿಯೂ ದೇವರ ಬೆಳಕು ಇದೆಯೆಂಬುದು ಅವರ ಮೂಲತತ್ತ್ವ. ಅವರಲ್ಲಿ ಸಂಬಳದ ಪುರೋಹಿತರಿರಲಿಲ್ಲ, ಆಡಂಬರದ ಪೂಜೆಯಿರಲಿಲ್ಲ. ಎಲ್ಲರೂ ಮೌನವಾಗಿ ಕುಳಿತಿರುತ್ತಿದ್ದರು. ಯಾರಿಗೆ ಒಳಗಿನಿಂದ ಪ್ರೇರಣೆಯಾಗುತ್ತಿದ್ದಿತೋ ಅವರು ಎದ್ದು ಮಾತನಾಡುತ್ತಿದ್ದರು. ಇಂಗ್ಲೆಂಡಿನ ಅರಸೊತ್ತಿಗೆಯು ಇವರನ್ನು ಸಾವಿರಗಟ್ಟಲೆ ಸೆರೆಮನೆಗೆ ತಳ್ಳಿತು. 1681ರಲ್ಲಿ ವಿಲಿಯಂ ಪೆನ್ ಎಂಬ ಕ್ವೇಕರನಿಗೆ ಅಮೆರಿಕದಲ್ಲಿ ಪೆನ್ಸಿಲ್ವೇನಿಯಾ ಪ್ರಾಂತವು ದೊರೆತ ಮೇಲೆ ಇವರಲ್ಲಿ ಅನೇಕರು ಕಡಲು ದಾಟಿ ಅಲ್ಲಿಯೂ ನೆರೆಯ ನ್ಯೂಜೆರ್ಸಿಯಲ್ಲಿಯೂ ನೆಲೆಸಿದರು.

ಇವರು ನಿರ್ಣಯ ಮಾಡುವ ಕ್ರಮವು ವಿಶಿಷ್ಟವಾದುದು. ಊರಿನವರು ತಿಂಗಳಿಗೊಮ್ಮೆ ಸೇರುವ ಸಭೆ, ಹಲವು ಊರುಗಳವರು ಮೂರು ತಿಂಗಳಿಗೊಮ್ಮೆ ಸೇರುವ ಸಭೆ, ಅದರ ಮೇಲೆ ಇಡೀ ಪ್ರಾಂತದವರು ವರ್ಷಕ್ಕೊಮ್ಮೆ ಸೇರುವ ಸಭೆ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಅವರ ಏರ್ಪಾಡು. ಯಾವ ಸಭೆಯಲ್ಲಿಯೂ ಕೈಯೆತ್ತಿಸಿ ಮತ ಎಣಿಸುವುದಿಲ್ಲ. ಎಲ್ಲರ ಮಾತುಗಳನ್ನು ಕೇಳಿ, ನಡುನಡುವೆ ಮೌನವನ್ನು ಆಚರಿಸಿ, ಸಭೆಯ ಮನಸ್ಸು ಎತ್ತ ಒಲಿದಿದೆಯೆಂಬುದನ್ನು ಸಭೆಯ ಕಾರ್ಯದರ್ಶಿಯು ಅರಿತು ಬರೆದಿಡುವನು. ಗಣ್ಯರಾದ ಕೆಲವರು ಬಲವಾಗಿ ಒಪ್ಪದಿದ್ದರೆ ವಿಷಯವು ಮುಂದಿನ ವರ್ಷಕ್ಕೆ ಉಳಿಯುವುದು. ಈ ಕ್ರಮದಲ್ಲಿ ಒಡಕು ಕಡಿಮೆ. ಆದರೆ ಲಾಭ ಪಡೆಯುತ್ತಿರುವವರು ಕಾಲ ತಳ್ಳುವುದೂ ಇದರಲ್ಲಿ ಸುಲಭ. ನಾವು ಹೇಳಲಿರುವ ಕಥೆಯ ಗಂಟು ಇಲ್ಲಿಯೇ ಇದೆ.

ಸ್ವತಃ ಸೆರೆಮನೆಯನ್ನು ಕಂಡವರ ಮಕ್ಕಳು ಅಮೆರಿಕದಲ್ಲಿ ಸಿರಿವಂತರಾದರು. ಸಿರಿಯೊಡನೆ ಗುಲಾಮರನ್ನೂ ಕೊಂಡರು. ಆಫ್ರಿಕದಿಂದ ಹಿಡಿದು ತಂದ ಕಪ್ಪು ಜನರನ್ನು ದನಗಳಂತೆ ಮಾರುವ ವ್ಯಾಪಾರದಲ್ಲಿ ಕ್ವೇಕರ್ ವರ್ತಕರೂ ಕೈಹಾಕಿದರು. ಎಲ್ಲರೂ ಸುಮ್ಮನಿದ್ದರೆಂದಲ್ಲ. 1688ರಲ್ಲಿ ಜರ್ಮನ್‌ಟೌನ್ ಎಂಬ ಊರಿನ ನಾಲ್ವರು ಇದು ಅಧರ್ಮವೆಂದು ಒಂದು ಮನವಿ ಬರೆದರು. ತಿಂಗಳ ಸಭೆಯವರು ವಿಷಯವು ತಮಗೆ ಭಾರವಾದುದೆಂದು ಮೇಲಿನ ಸಭೆಗೆ ಕಳುಹಿಸಿದರು. ಅವರು ವಾರ್ಷಿಕ ಸಭೆಗೆ ಕಳುಹಿಸಿದರು. ವಾರ್ಷಿಕ ಸಭೆಯವರು ಅದನ್ನು ಬದಿಗಿಟ್ಟರು. 1738ರಲ್ಲಿ ಬೆಂಜಮಿನ್ ಲೇ ಎಂಬ ಕುಳ್ಳದೇಹದ ವೃದ್ಧನು ಬರ್ಲಿಂಗ್ಟನ್ನಿನ ವಾರ್ಷಿಕ ಸಭೆಗೆ ಬಂದು, ಕೆಂಪುರಸವನ್ನು ಅಡಗಿಸಿಟ್ಟಿದ್ದ ಒಂದು ಗ್ರಂಥವನ್ನು ಕತ್ತಿಯಿಂದ ಇರಿದು, ಗುಲಾಮರ ನೆತ್ತರು ಇದೆಂಬಂತೆ ಸುತ್ತಲಿದ್ದವರ ಮೇಲೆ ಚಿಮ್ಮಿಸಿದನು. ಅವನನ್ನು ಸಭೆಯಿಂದ ಹೊತ್ತು ಹೊರಗೆ ಹಾಕಿದರು. ಸಮಾಜವು ಅವನನ್ನು ತನ್ನವನಲ್ಲವೆಂದು ಸಾರಿತು.

ಇಂಥ ಕಾಲದಲ್ಲಿ, 1720ರಲ್ಲಿ, ನ್ಯೂಜೆರ್ಸಿಯ ರಾಂಕೋಕಸ್ ಎಂಬಲ್ಲಿ ಒಬ್ಬ ರೈತನ ಮನೆಯಲ್ಲಿ ಜಾನ್ ವೂಲ್ಮನ್ ಹುಟ್ಟಿದನು. ಹದಿಮೂರು ಮಕ್ಕಳ ಆ ತುಂಬಿದ ಸಂಸಾರದಲ್ಲಿ ಆತನೇ ಹಿರಿಯ ಗಂಡುಮಗ. ಹುಡುಗನಾಗಿದ್ದಾಗ ಒಂದು ದಿನ ಆತನು ಗೂಡಿನ ಬಳಿ ಹಾರಾಡುತ್ತಿದ್ದ ತಾಯಿಹಕ್ಕಿಗೆ ಆಟಕ್ಕೆಂದು ಕಲ್ಲು ಬೀರಿದನು. ಹಕ್ಕಿಯು ಸತ್ತು ಬಿದ್ದಿತು. ಮೊದಲು ಗುರಿ ತಾಗಿತೆಂಬ ಹಿಗ್ಗು. ಮರುಕ್ಷಣವೇ ತಾಯಿಯಿಲ್ಲದೆ ಹಸಿದು ಸಾಯಲಿರುವ ಮರಿಗಳ ನೆನಪು. ಆತನು ಮರವೇರಿ ಆ ಮರಿಗಳನ್ನೂ ತನ್ನ ಕೈಯಾರೆ ಕೊಂದನು. ಒಂದು ಕ್ರೌರ್ಯವು ಇನ್ನೊಂದು ಕ್ರೌರ್ಯವನ್ನು ಹೇಗೆ ಅನಿವಾರ್ಯ ಮಾಡುವುದೆಂಬ ಆ ಪಾಠವನ್ನು ಆತನು ಸಾಯುವವರೆಗೂ ಮರೆಯಲಿಲ್ಲ.

ಇಪ್ಪತ್ತೊಂದನೆಯ ವಯಸ್ಸಿನಲ್ಲಿ ವೂಲ್ಮನ್ ಮೌಂಟ್ ಹೋಲಿ ಎಂಬ ಪಟ್ಟಣದ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯಲೂ ವ್ಯಾಪಾರ ನೋಡಿಕೊಳ್ಳಲೂ ಕೆಲಸಕ್ಕೆ ನಿಂತನು. ಒಂದು ದಿನ ಯಜಮಾನನು ತನ್ನಲ್ಲಿದ್ದ ಕಪ್ಪು ಹೆಂಗಸೊಬ್ಬಳನ್ನು ಮಾರಿ, ಕ್ರಯಪತ್ರವನ್ನು ಬರೆಯುವಂತೆ ವೂಲ್ಮನ್‌ಗೆ ಹೇಳಿದನು. ಕೊಳ್ಳುವವನು ಅಲ್ಲಿಯೇ ಕಾಯುತ್ತಿದ್ದನು. ಅವನೂ ಮಿತ್ರರ ಸಮಾಜದ ಒಬ್ಬ ವೃದ್ಧ ಸದಸ್ಯ. ವರ್ಷದ ಸಂಬಳಕ್ಕೆ ನಿಂತ ಕೆಲಸ, ಎದುರಿಗೆ ಇಬ್ಬರು ಹಿರಿಯರು, ಯೋಚಿಸಲು ಸಮಯವಿಲ್ಲ. ವೂಲ್ಮನ್ ಪತ್ರವನ್ನು ಬರೆದುಕೊಟ್ಟನು. ಮನಸ್ಸು ಕುದಿದು, ಗುಲಾಮರನ್ನು ಇಟ್ಟುಕೊಳ್ಳುವುದು ಕ್ರೈಸ್ತಧರ್ಮಕ್ಕೆ ಒಪ್ಪದೆಂದು ತನಗೆ ತೋರುತ್ತದೆಯೆಂದು ಇಬ್ಬರ ಎದುರಿಗೂ ಹೇಳಿದನು. ಆದರೆ ಹೇಳಿದುದರಿಂದ ಆ ಹೆಂಗಸಿನ ಮಾರಾಟವು ನಿಲ್ಲಲಿಲ್ಲ. ಅವಳ ಹೆಸರು ಯಾರಿಗೂ ತಿಳಿಯದೆ ಹೋಯಿತು.

ಮುಂಬಯಿಯ ರಾತ್ರಿಶಾಲೆಗಳಲ್ಲಿ ಓದಿ ಮುಂದೆ ಬಂದ ನಮ್ಮ ಹಿರಿಯರು ಹಗಲೆಲ್ಲ ಹೋಟೆಲು ಅಂಗಡಿಗಳಲ್ಲಿ ದುಡಿದವರು. ಯಜಮಾನನ ಅಪ್ಪಣೆ ಎಂದರೆ ಏನೆಂಬುದನ್ನು ಅವರಿಗೆ ಹೇಳಿಕೊಡಬೇಕಾಗಿಲ್ಲ. ಆದುದರಿಂದ ವೂಲ್ಮನ್ ಅಂದು ಸೋತನೆಂದು ನಾವು ಹಗುರವಾಗಿ ಆಡಲಾರೆವು. ಆತನ ಹಿರಿಮೆಯು ಆ ಸೋಲನ್ನು ಮುಚ್ಚಿಡದೆ ಇದ್ದುದರಲ್ಲಿದೆ. ಸ್ವಲ್ಪ ಕಾಲದ ಮೇಲೆ ಇನ್ನೊಬ್ಬನು ಅಂಥದೇ ಪತ್ರ ಬರೆಯಲು ಕೇಳಿದಾಗ ಆತನು ವಿನಯದಿಂದ ಒಲ್ಲೆನೆಂದನು.

ಮುಂದೆ ಒಬ್ಬ ಮುದುಕನು ತನ್ನ ಉಯಿಲನ್ನು ಬರೆಸಲು ಬಂದನು. ಅವನ ಗುಲಾಮರು ಮಗನಿಗೆ ಸೇರಬೇಕೆಂಬುದು ಅವನ ಇಚ್ಛೆ. ಅದನ್ನು ಬರೆದರೆ ತನಗೆ ಮನಶ್ಶಾಂತಿ ಇರದೆಂದು ವೂಲ್ಮನ್ ಕಾರಣ ಸಹಿತವಾಗಿ ತಿಳಿಸಿದನು. ಮುದುಕನು ಬೇರೆಯವರಿಂದ ಬರೆಸಿಕೊಂಡನು. ಕೆಲವು ವರ್ಷಗಳ ಮೇಲೆ ಅವನು ಮತ್ತೆ ಬಂದನು. ಮೊದಲು ದಾರಿತಪ್ಪಿದ್ದ ಮಗನು ಈಗ ಒಳ್ಳೆಯವನಾಗಿರುವುದರಿಂದ ಬರೆಯಲು ಅಡ್ಡಿಯಿಲ್ಲವೆಂದು ಭಾವಿಸಿದ್ದನು. ಇಬ್ಬರೂ ಸ್ನೇಹದಿಂದ ಬಹಳ ಹೊತ್ತು ಮಾತನಾಡಿದರು. ಕೆಲವು ದಿನಗಳಲ್ಲಿ ಮುದುಕನು ಮೂರನೆಯ ಸಲ ಬಂದು ಗುಲಾಮರಿಗೆ ಬಿಡುಗಡೆಯೆಂದೇ ಬರೆಯಲು ಹೇಳಿದನು. ವೂಲ್ಮನ್ ಆಗ ಲೇಖನಿಯನ್ನು ಕೈಗೆತ್ತಿಕೊಂಡನು.

1746ರಲ್ಲಿ ಆತನು ಒಬ್ಬ ಜೊತೆಗಾರನೊಡನೆ ದಕ್ಷಿಣದ ವರ್ಜೀನಿಯಾ, ಉತ್ತರ ಕ್ಯಾರೊಲಿನಾ ಪ್ರಾಂತಗಳಲ್ಲಿ ಸುಮಾರು 1500 ಮೈಲಿ ಸಂಚರಿಸಿ ಗುಲಾಮರ ಬಾಳನ್ನು ಕಣ್ಣಾರೆ ಕಂಡನು. ಹಿಂದಿರುಗಿ ಒಂದು ಪ್ರಬಂಧವನ್ನು ಬರೆದನು. ಸಮಾಜದವರು ಬರೆದುದನ್ನು ಹಿರಿಯರ ಸಮಿತಿಯು ಓದಿ ಒಪ್ಪಿದ ಮೇಲೆಯೇ ಅಚ್ಚು ಮಾಡಿಸಬೇಕೆಂಬ ನಿಯಮವಿದ್ದಿತು. ವೂಲ್ಮನ್ ಆ ನಿಯಮವನ್ನು ಮುರಿಯಲಿಲ್ಲ. ವರ್ಷಗಟ್ಟಲೆ ಕಾದನು. 1754ರಲ್ಲಿ, ಅದೇ ಸಮಿತಿಯ ಒಪ್ಪಿಗೆಯಿಂದಲೇ, ಪುಸ್ತಕವು ಹೊರಬಂದಿತು.

ಈ ನಡುವೆ 1749ರಲ್ಲಿ ಸಾರಾ ಎಲ್ಲಿಸ್ ಎಂಬಾಕೆಯೊಡನೆ ಆತನ ವಿವಾಹವಾಗಿದ್ದಿತು. ಸ್ವಂತ ಅಂಗಡಿಯು ದಿನದಿನಕ್ಕೆ ಬೆಳೆಯುತ್ತಿದ್ದಿತು. ವ್ಯಾಪಾರವು ಹೆಚ್ಚಿದಷ್ಟೂ ಮನಸ್ಸಿನ ಸ್ವಾತಂತ್ರ್ಯವು ಕುಗ್ಗುವುದೆಂದು ಕಂಡ ಆತನು, ಗಿರಾಕಿಗಳಿಗೆ ಬೇರೆ ಅಂಗಡಿಗಳನ್ನು ತೋರಿಸಿ, ತಾನು ಹೊಲಿಗೆಯ ಕೆಲಸವನ್ನೂ ಸೇಬಿನ ತೋಟವನ್ನೂ ನೆಚ್ಚಿಕೊಂಡನು. 1757ರಲ್ಲಿ ಮತ್ತೆ ದಕ್ಷಿಣಕ್ಕೆ ಹೋದಾಗ, ಗುಲಾಮರ ದುಡಿಮೆಯಿಂದ ನಡೆಯುವ ಮನೆಗಳಲ್ಲಿ ಧರ್ಮದ ಊಟವನ್ನು ಉಣ್ಣಲು ಒಲ್ಲದೆ, ಸೇವೆ ಮಾಡಿದ ಗುಲಾಮರಿಗೆ ಸಲ್ಲುವಂತೆ ಬೆಳ್ಳಿಯ ನಾಣ್ಯಗಳನ್ನು ಕೊಟ್ಟುಬಂದನು. ಮನೆಯ ಯಜಮಾನರಿಗೆ ಇದು ಮುಜುಗರವನ್ನುಂಟುಮಾಡಿತು. ಕೊಡುವ ಆತನಿಗೂ ಅದು ಸುಲಭವಾಗಿರಲಿಲ್ಲ.

1758ರಲ್ಲಿ ಫಿಲಡೆಲ್ಫಿಯಾ ನಗರದ ವಾರ್ಷಿಕ ಸಭೆಯಲ್ಲಿ ಗುಲಾಮರ ಪ್ರಶ್ನೆಯು ಮತ್ತೆ ಎದ್ದಿತು. ಗುಲಾಮಗಿರಿಯೇ ಸರಿಯೆಂದು ಯಾರೂ ವಾದಿಸಲಿಲ್ಲ. ತಾಳ್ಮೆಯಿಂದಿರೋಣ, ದೇವರು ತಕ್ಕ ಕಾಲದಲ್ಲಿ ದಾರಿ ತೋರಿಸುವನು ಎಂಬ ಅಭಿಪ್ರಾಯವು ಹಲವರಿಂದ ಬಂದಿತು. ಬಹಳ ಹೊತ್ತು ಮೌನವಾಗಿ ಕುಳಿತಿದ್ದ ವೂಲ್ಮನ್ ಕಡೆಗೆ ಎದ್ದು ನಿಂತನು. ಆ ದೀನರ ಕೂಗು ದೇವರನ್ನು ಮುಟ್ಟಿದೆಯೆಂದೂ, ಕೆಲವರ ಸ್ವಾರ್ಥಕ್ಕಾಗಿಯೋ ಸ್ನೇಹದ ದಾಕ್ಷಿಣ್ಯಕ್ಕಾಗಿಯೋ ಕರ್ತವ್ಯವನ್ನು ಮುಂದಕ್ಕೆ ಹಾಕಿದರೆ ದೇವರ ಉತ್ತರವು ಭಯಂಕರವಾಗಬಹುದೆಂದೂ ಹೇಳಿದನು. ಯಾರ ಹೆಸರನ್ನೂ ಎತ್ತಲಿಲ್ಲ, ಯಾರನ್ನೂ ಹಳಿಯಲಿಲ್ಲ. ಸಭೆಯ ಮನಸ್ಸು ತಿರುಗಿತು. ಗುಲಾಮರನ್ನು ಕೊಳ್ಳುವ ಮಾರುವ ಸದಸ್ಯರು ಸಮಾಜದ ಆಡಳಿತ ಸಭೆಗಳಲ್ಲಿ ಭಾಗವಹಿಸತಕ್ಕದ್ದಲ್ಲವೆಂದೂ, ಗುಲಾಮರನ್ನು ಇಟ್ಟುಕೊಂಡವರ ಮನೆಮನೆಗೆ ಹೋಗಿ ತಿಳಿಹೇಳಬೇಕೆಂದೂ ನಿರ್ಣಯವಾಯಿತು. ಆ ಕೆಲಸಕ್ಕೆ ನೇಮಕಗೊಂಡ ಐವರಲ್ಲಿ ವೂಲ್ಮನ್ ಒಬ್ಬನು. ಇಪ್ಪತ್ತು ವರ್ಷಗಳ ಹಿಂದೆ ಹೊರದೂಡಲ್ಪಟ್ಟಿದ್ದ ಬೆಂಜಮಿನ್ ಲೇ ಈ ಸುದ್ದಿಯನ್ನು ಕೇಳಿ ಸಂತೋಷಪಟ್ಟು, ಮರುವರ್ಷ ತೀರಿಕೊಂಡನು.

ನಿರ್ಣಯವನ್ನು ಬರೆದುಕೊಳ್ಳುವುದು ಒಂದು ದಿನದ ಕೆಲಸ. ಅದನ್ನು ನಡೆಸುವುದು ಹಲವು ವರ್ಷಗಳ ದುಡಿತ. ಧನಿಕರ ಹೊಸ್ತಿಲುಗಳನ್ನು ತುಳಿದು, ಅವರ ಎದುರಿಗೆ ಕುಳಿತು, ಅವರಿಗೆ ಪ್ರಿಯವಲ್ಲದುದನ್ನು ಪ್ರಿಯವಾಗಿ ಹೇಳುತ್ತ ವೂಲ್ಮನ್ ಅಲೆದನು. ಇತರರಿಗೆ ಹೇಳುವ ಮೊದಲು ತನ್ನ ಲೆಕ್ಕವನ್ನೂ ನೋಡಿಕೊಂಡನು. ಹಿಂದೊಮ್ಮೆ, ಸತ್ತವರೊಬ್ಬರ ಆಸ್ತಿಯ ವ್ಯವಸ್ಥೆ ಮಾಡುವಾಗ, ಒಬ್ಬ ಕಪ್ಪು ಹುಡುಗನನ್ನು ಮೂವತ್ತು ವರ್ಷ ತುಂಬುವವರೆಗೆ ದುಡಿಯುವಂತೆ ಮಾರಲು ಆತನೂ ಸಮ್ಮತಿಸಿದ್ದನು. ಆ ತಪ್ಪಿಗಾಗಿ, ಹುಡುಗನ ಕೊನೆಯ ಕೆಲವು ವರ್ಷಗಳ ಬೆಲೆಯನ್ನು ತಾನೇ ಕೊಡುವುದಾಗಿ ಪತ್ರ ಬರೆದುಕೊಟ್ಟನು. ಗುಲಾಮರ ಬೆವರಿನಿಂದ ಬಂದ ಸಕ್ಕರೆಯನ್ನು ಬಿಟ್ಟನು. ಬಣ್ಣ ಹಾಕಿದ ಬಟ್ಟೆಗಳನ್ನು ಬಿಟ್ಟು ಬಣ್ಣವಿಲ್ಲದವನ್ನೇ ಉಟ್ಟನು. ನೋಡಿದವರು ವಿಚಿತ್ರವೆಂದರು, ಆತನು ಅದನ್ನೂ ಸಹಿಸಿದನು.

1772ರಲ್ಲಿ ವೂಲ್ಮನ್ ಇಂಗ್ಲೆಂಡಿಗೆ ಹೊರಟನು. ಹಡಗಿನ ಉತ್ತಮ ಕೋಣೆಯ ಶೃಂಗಾರವು ಮನಸ್ಸಿಗೆ ಒಪ್ಪದೆ, ಕೆಳಗಿನ ಇಕ್ಕಟ್ಟಿನ ತಾಣದಲ್ಲಿ ನಾವಿಕರ ನಡುವೆ ಪಯಣಿಸಿದನು. ಲಂಡನ್ನಿನ ಮಿತ್ರರು ಆತನ ಉಡುಗೆಯನ್ನು ಕಂಡು ಮೊದಲು ಹಿಂಜರಿದರು. ಮಾತು ಕೇಳಿದ ಮೇಲೆ ಆದರಿಸಿದರು. ಅಂಚೆಗಾಡಿಗಳ ವೇಗಕ್ಕಾಗಿ ಕುದುರೆಗಳೂ ಹುಡುಗರೂ ಪಡುವ ಹಿಂಸೆಯನ್ನು ತಿಳಿದು ಅವುಗಳಲ್ಲಿ ಕೂರದೆ, ನಡೆದೇ ಉತ್ತರದ ಯಾರ್ಕ್ ನಗರವನ್ನು ಸೇರಿದನು. ಅಲ್ಲಿ ಸಿಡುಬು ತಗುಲಿ, 1772ರ ಅಕ್ಟೋಬರ್ 7ರಂದು, ಹೆಂಡತಿ ಮಗಳಿಂದ ಬಹುದೂರದಲ್ಲಿ ಪ್ರಾಣಬಿಟ್ಟನು. ಆಗ ಆತನಿಗೆ ಇನ್ನೂ 52 ತುಂಬಿರಲಿಲ್ಲ.

ನೆಟ್ಟವನು ಫಲವನ್ನು ಕಾಣಲಿಲ್ಲ. ಆತನು ಸತ್ತ ನಾಲ್ಕು ವರ್ಷಗಳ ಮೇಲೆ, 1776ರಲ್ಲಿ, ಫಿಲಡೆಲ್ಫಿಯಾದ ವಾರ್ಷಿಕ ಸಭೆಯು ಗುಲಾಮರನ್ನು ಬಿಡದ ಸದಸ್ಯರನ್ನು ಸಮಾಜದಿಂದ ತೆಗೆದುಹಾಕಬೇಕೆಂದು ನಿರ್ಣಯಿಸಿತು. 1787ರಲ್ಲಿ ಲಂಡನ್ನಿನಲ್ಲಿ ಗುಲಾಮರ ವ್ಯಾಪಾರವನ್ನು ನಿಲ್ಲಿಸಲು ಹನ್ನೆರಡು ಮಂದಿಯ ಸಮಿತಿಯೊಂದು ಹುಟ್ಟಿದಾಗ ಅವರಲ್ಲಿ ಒಂಬತ್ತು ಮಂದಿ ಕ್ವೇಕರರು. 1807ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಆ ವ್ಯಾಪಾರವನ್ನು ನಿಷೇಧಿಸಿತು. ಅಮೆರಿಕದಲ್ಲಿ ಗುಲಾಮಗಿರಿಯು ಕೊನೆಗೊಳ್ಳಲು 1865ರವರೆಗೆ, ಒಂದು ಘೋರ ಅಂತರ್ಯುದ್ಧವಾಗುವವರೆಗೆ, ಕಾಯಬೇಕಾಯಿತು.

ಇಲ್ಲಿ ಒಂದು ಮಾತನ್ನು ಮರೆಮಾಚದೆ ಹೇಳಬೇಕು. 1688ರ ಮನವಿಯಿಂದ 1776ರ ನಿರ್ಣಯದವರೆಗೆ 88 ವರ್ಷಗಳಾದುವು. ಸಭೆಯು ಒಮ್ಮತಕ್ಕಾಗಿ ಕಾದಷ್ಟು ಕಾಲವೂ ಗುಲಾಮರು ಹೊಲದಲ್ಲಿ ದುಡಿದು ಸತ್ತರು. ಅವರ ಅಭಿಪ್ರಾಯವನ್ನು ಯಾವ ಸಭೆಯೂ ಕೇಳಲಿಲ್ಲ. ಬಿಡುಗಡೆಯಾದ ಮೇಲೆಯೂ ಕ್ವೇಕರರ ಪ್ರಾರ್ಥನಾಮಂದಿರಗಳಲ್ಲಿ ಕಪ್ಪು ಜನರನ್ನು ಬಹುಕಾಲ ಬೇರೆಯ ಬೆಂಚುಗಳಲ್ಲಿ ಕೂರಿಸಿದರು. ಪಂಕ್ತಿಭೇದವನ್ನು ಕಂಡ ನಾಡಿನವರಾದ ನಮಗೆ ಇದು ಹೊಸ ಸಂಗತಿಯಲ್ಲ. ತಾಳ್ಮೆಯು ಸದ್ಗುಣವೇ. ಆದರೆ ಇನ್ನೊಬ್ಬರ ನೋವಿನ ಮೇಲೆ ನಾವು ತಾಳ್ಮೆಯಿಂದಿರುವುದು ಸದ್ಗುಣವಲ್ಲ. ವೂಲ್ಮನ್ ಈ ಭೇದವನ್ನು ಅರಿತಿದ್ದನು. ತನ್ನ ಪುಸ್ತಕಕ್ಕಾಗಿ ವರ್ಷಗಟ್ಟಲೆ ಕಾದ ಆತನೇ, ಗುಲಾಮರ ಬಿಡುಗಡೆಗೆ ಕಾಯೋಣವೆಂದ ಸಭೆಯಲ್ಲಿ ಎದ್ದು ನಿಂತನು.

ಪ್ರಿಯ ವಿದ್ಯಾರ್ಥಿಗಳೇ, ನಾಳೆ ನೀವೂ ಸಂಘಗಳಲ್ಲಿ, ಕಚೇರಿಗಳಲ್ಲಿ, ಅಂಗಡಿಗಳಲ್ಲಿ ಕೂರುವಿರಿ. ನಿಮ್ಮ ಮುಂದೆಯೂ ಒಂದು ಕಾಗದ ಬರುವುದು; ಹಿರಿಯರು ಕಾಯುತ್ತಿರುವರು; ಬರೆದುಬಿಡುವುದೇ ಸುಲಭವೆಂದು ತೋರುವುದು. ಮೊದಲ ಸಲ ನೀವು ಬರೆದೂಬಿಡಬಹುದು. ಆಗ ಮೌಂಟ್ ಹೋಲಿಯ ಆ ಅಂಗಡಿಯ ಹುಡುಗನನ್ನು ನೆನೆಯಿರಿ. ಎರಡನೆಯ ಸಲ ಕಾಗದವು ಬಂದಾಗ ಲೇಖನಿಯನ್ನು ಕೆಳಗಿಡುವ ಬಲವು ನಿಮಗೆ ಬರಲೆಂದು ಹಾರೈಸುತ್ತೇವೆ.