ಪ್ರಹಸನಕಾರ ಜಾರ್ಜ್ ಫೇದೋ

ಬೆಳಗಿನ ಜಾವ. ಪ್ಯಾರಿಸ್ ನಗರದ ಡಾಕ್ಟರೊಬ್ಬನು ರಾತ್ರಿಯೆಲ್ಲ ಹೊರಗೆ ಕಳೆದು ಮನೆಗೆ ಮರಳಿದ್ದಾನೆ. ಪರಸ್ತ್ರೀಯೊಬ್ಬಳನ್ನು ಕಾಣಲು ನೃತ್ಯಕೂಟಕ್ಕೆ ಹೋಗಿದ್ದವನು. ಆಕೆ ಬರಲೇ ಇಲ್ಲ. ಹೆಂಡತಿ ಕೇಳಿದಾಗ, ಬಸಿನೆ ಎಂಬ ರೋಗಿ ಪ್ರಾಣ ಬಿಡುತ್ತಿದ್ದನೆಂದೂ ಅವನ ಹಾಸಿಗೆಯ ಬಳಿ ಕುಳಿತಿದ್ದೆನೆಂದೂ ಸುಳ್ಳು ಹೇಳುತ್ತಾನೆ. ಅಷ್ಟರಲ್ಲಿ ಆ ಬಸಿನೆಯೇ ಗುಂಡುಕಲ್ಲಿನಂತೆ ಒಳಗೆ ಬರುತ್ತಾನೆ! ಮುಂದೆ ಈ ಡಾಕ್ಟರು ಗುಟ್ಟಿನ ಭೇಟಿಗೆಂದು ಬಾಡಿಗೆಗೆ ಹಿಡಿದ ಕೋಣೆಗಳು ಹಿಂದೆ ಹೆಂಗಸರ ಉಡುಪು ಹೊಲಿಯುವವರಿದ್ದ ಜಾಗ. ಆಕೆಯ ಗಂಡನೇ ಅಲ್ಲಿಗೆ ಬಂದಾಗ ನಮ್ಮ ಡಾಕ್ಟರಿಗೆ ದರ್ಜಿಯಾಗದೆ ಗತ್ಯಂತರವಿಲ್ಲ.

‘ಹೆಂಗಸರ ದರ್ಜಿ’ ಎಂಬರ್ಥದ ಹೆಸರಿನ ಈ ಪ್ರಹಸನವು 1886ರ ಡಿಸೆಂಬರಿನಲ್ಲಿ ರಂಗವೇರಿದಾಗ ಅದನ್ನು ಬರೆದ ಜಾರ್ಜ್ ಫೇದೋನಿಗೆ 24 ವರ್ಷ. ಆತನು ಪ್ಯಾರಿಸಿನಲ್ಲಿ 1862ರ ಡಿಸೆಂಬರ್ 8ರಂದು ಹುಟ್ಟಿದನು. ತಂದೆ ಎರ್ನೆಸ್ಟ್ ಕಾದಂಬರಿಕಾರ. ಹುಡುಗನು ಮೊದಲ ಸಲ ನಾಟಕ ನೋಡಿ ಬಂದ ಮರುದಿನವೇ ತಾನೂ ಒಂದನ್ನು ಬರೆಯಲು ಕುಳಿತನೆಂದೂ, ತಂದೆ ಮೆಚ್ಚಿ ಆ ದಿನದ ಪಾಠದಿಂದ ಬಿಡುವು ಕೊಡಿಸಿದನೆಂದೂ ಹೇಳುವರು. ಪಾಠ ತಪ್ಪಿಸುವ ಉಪಾಯ ಮಕ್ಕಳಿಗೆ ಎಲ್ಲ ದೇಶದಲ್ಲಿಯೂ ಬೇಗ ತಿಳಿಯುತ್ತದೆ. 1873ರಲ್ಲಿ ತಂದೆ ತೀರಿಕೊಂಡನು.

ಮೊದಲ ಗೆಲುವು ನಿಲ್ಲಲಿಲ್ಲ. 1889ರಲ್ಲಿ ಚಿತ್ರಕಾರ ಕರೋಲ್ಯುಸ್ ದ್ಯುರಾನನ ಮಗಳನ್ನು ಮದುವೆಯಾದನು. ನಾಟಕಗಳು ಮಾತ್ರ ಒಂದರ ಹಿಂದೊಂದು ಸೋತವು. ಆಗ ಆತನು ಮಾಡಿದ ಕೆಲಸವನ್ನು ನಾವು ಬಹಳ ಮೆಚ್ಚುತ್ತೇವೆ. ಪ್ರೇಕ್ಷಕರನ್ನು ಹಳಿಯದೆ ಲಬೀಶ್ ಮೊದಲಾದ ಹಿರಿಯರ ನಾಟಕಗಳನ್ನು, ಗಡಿಯಾರ ರಿಪೇರಿಯವನು ಗಡಿಯಾರ ಬಿಚ್ಚುವಂತೆ ಬಿಚ್ಚಿ ನೋಡಿದನು. 1892ರಲ್ಲಿ ಮತ್ತೆ ಬಂದನು. ಬೇಟೆಗೆಂದು ಹೇಳಿ ಬೇರೆ ಹೆಂಗಸಿನ ಬಳಿಗೆ ಹೊರಡುವ ಗಂಡನ ನಾಟಕ ಒಂದು. ಗೆಳೆಯ ದೆವಾಲಿಯೇರನೊಡನೆ ಬರೆದ ಇನ್ನೊಂದನ್ನು ಪಾಲೇ ರಾಯಲ್ ರಂಗಮಂದಿರದವರು ಬೇಡವೆಂದರು. ದಿವಾಳಿಯ ಅಂಚಿನಲ್ಲಿದ್ದ ನೂವೋತೆ ರಂಗಮಂದಿರ ಅದನ್ನು ಎತ್ತಿಕೊಂಡು, 400ಕ್ಕೂ ಮೀರಿದ ಪ್ರಯೋಗಗಳಿಂದ ತಾನೇ ಉಳಿದುಕೊಂಡಿತು.

ಪರಸ್ಪರ ಭೇಟಿಯಾಗಲೇಬಾರದ ಇಬ್ಬರನ್ನು ಒಂದೇ ಕೋಣೆಗೆ ತಂದು ನಿಲ್ಲಿಸುವುದು ಆತನ ಗುಟ್ಟು. ಯಾವ ಬಾಗಿಲು ಯಾವ ಕಡೆ ಎಂಬುದನ್ನೂ ಬರೆದಿಡುವನು. (ನಮ್ಮ ಸಂಘಗಳ ನಾಟಕ ತಂಡದವರು ಎರಡು ಬಾಗಿಲಿಗೇ ಪರದಾಡುವುದುಂಟು, ಫೇದೋನಿಗೆ ಅದು ಸಾಲದು.) 1907ರ ‘ಕಿವಿಯಲ್ಲಿ ಚಿಗಟ’ ಎಂಬ ನಾಟಕದಲ್ಲಿ ವಿಮಾ ಕಂಪನಿಯ ಯಜಮಾನನೂ ಹೋಟೆಲಿನ ಕುಡುಕ ಆಳೂ ಅಚ್ಚು ಒಂದೇ ರೂಪ. ಎರಡೂ ಪಾತ್ರ ಒಬ್ಬನೇ ನಟನದು. ಆತನು ಯಜಮಾನನಾಗಿ ಒಂದು ಬಾಗಿಲಿಂದ ಹೋಗಿ, ಕ್ಷಣದಲ್ಲಿ ಉಡುಪು ಬದಲಿಸಿ ಆಳಾಗಿ ಇನ್ನೊಂದರಿಂದ ಬರಬೇಕು. ಇಲ್ಲಿ ಗಂಡನು ನಿರಪರಾಧಿ. ಹೆಂಡತಿಯ ಅನುಮಾನವೇ ಎಲ್ಲ ರಾದ್ಧಾಂತಕ್ಕೆ ಮೂಲ.

ಊರನ್ನೆಲ್ಲ ನಗಿಸಿದವನ ಮನೆಯಲ್ಲಿ ನಗು ಕಡಿಮೆಯಿತ್ತು. ಆತನು ರಾತ್ರಿಗಳನ್ನು ಮ್ಯಾಕ್ಸಿಮ್ ಹೋಟೆಲಿನಲ್ಲಿ ಕಳೆಯುವನು. ಷೇರು ಪೇಟೆಯಲ್ಲಿ ಹಣ ಕಳೆದು, ಆಸೆಯಿಂದ ಕೂಡಿಸಿದ್ದ ಚಿತ್ರಗಳನ್ನು ಮಾರಬೇಕಾಯಿತು. 1909ರಲ್ಲಿ ಜಗಳವಾಡಿ, ಹೆಂಡತಿಯನ್ನೂ ನಾಲ್ಕು ಮಕ್ಕಳನ್ನೂ ಬಿಟ್ಟು, ಸೇಂಟ್ ಲಜಾರ್ ರೈಲು ನಿಲ್ದಾಣದ ಪಕ್ಕದ ಟರ್ಮಿನಸ್ ಹೋಟೆಲಿಗೆ ನಡೆದನು. ಕೆಲವು ದಿನಗಳಿಗೆಂದು ಹೋದವನು ಸುಮಾರು ಹತ್ತು ವರ್ಷ ಅಲ್ಲಿಯೇ ಉಳಿದನು. ಆ ಕಾಲದ ಏಕಾಂಕಗಳಲ್ಲಿ ಗುಟ್ಟಿನ ಕೋಣೆಗಳಿಲ್ಲ. ಗಂಡಹೆಂಡಿರು ಮನೆಯಲ್ಲಿಯೇ ಕಿತ್ತಾಡುತ್ತಾರೆ. ನಗು ಬರುತ್ತದೆ, ಆದರೆ ಕಹಿ. ಅವನ್ನು ‘ಮದುವೆಯಿಂದ ವಿಚ್ಛೇದನದವರೆಗೆ’ ಎಂಬ ಒಂದೇ ಹೆಸರಿನಡಿ ತರುವುದು ಆತನ ಬಯಕೆಯಾಗಿತ್ತು. ಸ್ವಂತ ವಿಚ್ಛೇದನವು 1916ರಲ್ಲಿ ಆಯಿತು.

ಮೇಹರೋಗವು ಮೆದುಳಿಗೇರಿ, 1919ರಲ್ಲಿ ಮಕ್ಕಳು ಆತನನ್ನು ರ್‍ಯುಯೆಯ್ ಊರಿನ ಆರೋಗ್ಯಧಾಮಕ್ಕೆ ಸೇರಿಸಿದರು. ಒಬ್ಬನನ್ನು ಇನ್ನೊಬ್ಬನೆಂದು ಭ್ರಮಿಸುವವರನ್ನು ರಂಗದ ಮೇಲೆ ತಂದ ಈತನು ಅಲ್ಲಿ ತನ್ನನ್ನೇ ಮೂರನೆಯ ನೆಪೋಲಿಯನ್ ಎಂದು ತಿಳಿದಿದ್ದನೆಂದು ಹೇಳುತ್ತಾರೆ. 1921ರ ಜೂನ್ 5ರಂದು, 58ನೆಯ ವಯಸ್ಸಿನಲ್ಲಿ ತೀರಿಕೊಂಡನು. ಫ್ರಾನ್ಸಿನ ರಾಷ್ಟ್ರೀಯ ರಂಗಮಂದಿರವಾದ ಕೊಮೆದಿ ಫ್ರಾನ್ಸೇಸ್ ಆತನ ನಾಟಕವೊಂದಕ್ಕೆ ಬಾಗಿಲು ತೆರೆದದ್ದು 1941ರಲ್ಲಿ.