ಕಥಾಗುರು ಪಂಜೆ ಮಂಗೇಶರಾಯರು

ಗದ್ಯಕಥೆ ಕನ್ನಡಕ್ಕೆ ಹೊಸದಲ್ಲ. ವಡ್ಡಾರಾಧನೆಯಂಥ ಪ್ರಾಚೀನ ಕೃತಿಯೇ ಅದಕ್ಕೆ ಸಾಕ್ಷಿಯಾಗಿದೆ. ಆದರೆ ನೆರೆಮನೆಯವರ ನಿತ್ಯಜೀವನವನ್ನೇ ವಸ್ತುವಾಗಿಸಿಕೊಂಡು, ಆಡುಮಾತಿನ ಲಘುತ್ವದಿಂದ ಬರೆದ ಸಣ್ಣ ಕಥೆಯು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಚಂಪೂ, ಷಟ್ಪದಿಗಳಲ್ಲಿ ನುರಿತ ವಿದ್ವಜ್ಜನರಿಗೆ ಬರಿಯ ಕಾಲಹರಣದ ಸಾಧನವಾಗಿ ತೋರಿದ್ದರೆ ಆಶ್ಚರ್ಯವಿಲ್ಲ. ಅಂಥ ಕಾಲದಲ್ಲಿ ಕಥೆ ಬರೆಯುವುದನ್ನೇ ಆನಂದವಾಗಿಯೂ ವ್ರತವಾಗಿಯೂ ಸ್ವೀಕರಿಸಿದ ಅಧ್ಯಾಪಕರೊಬ್ಬರು ನಮ್ಮ ಮಂಗಳೂರಿನಲ್ಲಿದ್ದರು. ಅವರೇ ಪ್ರಾತಃಸ್ಮರಣೀಯರಾದ ಪಂಜೆ ಮಂಗೇಶರಾಯರು.

1874ನೆಯ ಇಸವಿಯ ಫೆಬ್ರವರಿ 22ರಂದು ಬಂಟ್ವಾಳದಲ್ಲಿ ಜನಿಸಿದ ಪಂಜೆಯವರ ಮನೆಮಾತು ಕೊಂಕಣಿ. ಸುತ್ತಲಿನ ಬೀದಿ, ಸಂತೆ, ಗದ್ದೆಗಳ ಮಾತು ತುಳು. ಕನ್ನಡವು ವಿದ್ಯೆಯ ದ್ವಾರದಿಂದ ಬಂದು ಅವರ ಹೃದಯದ ಭಾಷೆಯಾಯಿತು. ಮಂಗಳೂರಿನಲ್ಲಿ ಕನ್ನಡ ಪಂಡಿತರಾಗಿ, ಅನಂತರ ಶಾಲೆಗಳ ಇನ್‌ಸ್ಪೆಕ್ಟರಾಗಿ, ಮುಂದೆ ಮಡಿಕೇರಿಯ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾಗಿ ಅವರು ಸೇವೆ ಸಲ್ಲಿಸಿದರು.

ಬೆನಗಲ್ ರಾಮರಾಯರ ಸಂಪಾದಕತ್ವದಲ್ಲಿ ಮಂಗಳೂರಿನಿಂದ ಹೊರಟ ‘ಸುವಾಸಿನಿ’ ಪತ್ರಿಕೆಯಲ್ಲಿ 1900ರಲ್ಲಿ ಅವರ ‘ನನ್ನ ಚಿಕ್ಕತಾಯಿ’ ಪ್ರಕಟವಾಯಿತು. ಮಾಸ್ತಿಯವರು ಕಥೆ ಬರೆಯಲಾರಂಭಿಸುವುದಕ್ಕೆ ಸುಮಾರು ಹತ್ತು ವರ್ಷ ಮೊದಲಿನ ಈ ರಚನೆಯನ್ನು ಕನ್ನಡದ ಮೊದಲ ಸಣ್ಣ ಕಥೆಗಳ ಪಂಕ್ತಿಯಲ್ಲಿ ವಿಮರ್ಶಕರು ಗಣಿಸುತ್ತಾರೆ. ಕೀರ್ತಿಕಾಮನೆಯಿಂದ ಅವರು ಬರೆದವರಲ್ಲ. ಕವಿಯೆನ್ನಿಸಿಕೊಳ್ಳದೆ ‘ಕವಿಶಿಷ್ಯ’ನೆಂದು ಕರೆದುಕೊಂಡರು, ಹಾಸ್ಯಕ್ಕೆ ಕುಳಿತಾಗ ‘ಹರಟೆಮಲ್ಲ’ರಾದರು. ಅಂಕಿತವು ಮರೆಯಾಗಿ ನಗೆ ಮಾತ್ರ ಓದುಗನನ್ನು ಮುಟ್ಟಿದರೆ ಅವರಿಗೆ ಸಾಕಾಗಿತ್ತು.

ಈ ನಗೆಯ ಹಿಂದೆ ಗಂಭೀರವಾದ ಪ್ರಯೋಜನವೊಂದಿತ್ತು. ದಕ್ಷಿಣ ಕನ್ನಡದ ಮಗುವು ಮನೆಯಲ್ಲಿ ತುಳುವನ್ನೋ, ಕೊಂಕಣಿಯನ್ನೋ, ಬ್ಯಾರಿಯನ್ನೋ ಆಡಿ, ಶಾಲೆಯ ಹೊಸ್ತಿಲು ದಾಟಿದೊಡನೆ ಕನ್ನಡವನ್ನು ಎದುರಿಸಬೇಕು. ಆ ಮೊದಲ ಭೇಟಿಯಲ್ಲೇ ಪಾಠವು ಶುಷ್ಕವಾದರೆ, ಕನ್ನಡವು ಶಿಕ್ಷೆಯ ಭಾಷೆಯಾಗಿ ಮಗುವಿನಿಂದ ಶಾಶ್ವತವಾಗಿ ದೂರವಾದೀತು. ಆ ಹಾದಿಯನ್ನು ಸ್ವತಃ ನಡೆದು ಬಂದ ಪಂಜೆಯವರು ಈ ಅಪಾಯವನ್ನು ಅರಿತಿದ್ದರು. ಇನ್‌ಸ್ಪೆಕ್ಟರು ಬಂದರೆಂದರೆ ಉಪಾಧ್ಯಾಯರೂ ವಿದ್ಯಾರ್ಥಿಗಳೂ ನಡುಗುತ್ತಿದ್ದ ಕಾಲದಲ್ಲಿ, ಅವರು ಮಕ್ಕಳ ನಡುವೆ ಕಥೆ ಹೇಳುವ ಹಿರಿಯರಾಗಿ ಪ್ರವೇಶಿಸಿದರು.

‘ಸಿಗಡಿ ಯಾಕೆ ಒಣಗಲಿಲ್ಲ’ ಎಂಬ ಕಥೆಯನ್ನೇ ನೋಡಬಹುದು. ಕರಾವಳಿಯ ಬಿಸಿಲಿನಲ್ಲಿ ಸಿಗಡಿ ಒಣಹಾಕುವುದನ್ನು ಕಾಣದ ಮಗು ಇಲ್ಲಿಲ್ಲ. ಪರಿಚಿತವಾದ ಆ ನೋಟದಿಂದ ಹೊರಟು, ಒಂದು ಪ್ರಶ್ನೆಯ ಉತ್ತರದಿಂದ ಮತ್ತೊಂದು ಪ್ರಶ್ನೆ ಹುಟ್ಟುತ್ತ ಕಥೆ ಬೆಳೆಯುತ್ತದೆ. ಮಗುವು ನಗುತ್ತ ಪುನರುಚ್ಚರಿಸುವಾಗ ಪ್ರಶ್ನಾರ್ಥಕ, ನಿಷೇಧಾರ್ಥಕ ರೂಪಗಳು ಸೂತ್ರ ಕಂಠಪಾಠವಿಲ್ಲದೆಯೇ ನಾಲಿಗೆಗೆ ಒಗ್ಗುತ್ತವೆ. ವ್ಯಾಕರಣವನ್ನೂ ರಚಿಸಿದ್ದ ಪಂಡಿತರು ವ್ಯಾಕರಣವನ್ನು ನಗೆಯೊಳಗೆ ಅಡಗಿಸಿಟ್ಟ ಬಗೆ ಇದು.

1921ರಲ್ಲಿ ಮಂಗಳೂರಿನಲ್ಲಿ ‘ಬಾಲಸಾಹಿತ್ಯ ಮಂಡಲ’ವನ್ನು ಸ್ಥಾಪಿಸಿ, ಮಕ್ಕಳ ಪುಸ್ತಕಗಳ ಪ್ರಕಟಣೆಗೆ ಅವರು ನೆಲೆಯೊದಗಿಸಿದರು. ತುಳು ಪಾಡ್ದನಗಳ ವೀರರಾದ ಕೋಟಿ ಚೆನ್ನಯರ ಚರಿತವನ್ನು ಕನ್ನಡ ಗದ್ಯಕ್ಕೆ ತಂದರು. ಮನೆಮಾತನ್ನು ತೊರೆದು ಕನ್ನಡಕ್ಕೆ ಬರಬೇಕಾಗಿಲ್ಲ, ಮನೆಯ ಸಿರಿಯನ್ನು ಹೊತ್ತುಕೊಂಡೇ ಬರಬಹುದೆಂಬುದನ್ನು ಆ ಕೃತಿ ತೋರಿಸಿತು.

1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವು ಅವರಿಗೆ ದೊರೆಯಿತು. 1937ರ ಅಕ್ಟೋಬರಿನಲ್ಲಿ ಹೈದರಾಬಾದಿನಲ್ಲಿ ಅವರು ದಿವಂಗತರಾದರು.

ಬರೆಯುವವನ ಆನಂದವೇ ಬೇರೆ, ಬರಹದ ಪ್ರಯೋಜನವೇ ಬೇರೆ ಎಂದು ನಾವು ವಿಂಗಡಿಸುತ್ತೇವೆ. ಪಂಜೆಯವರಲ್ಲಿ ಆ ಭೇದವಿರಲಿಲ್ಲ. ಮಗು ನಕ್ಕಾಗ ಅವರ ಆನಂದವೂ ಪೂರ್ಣವಾಗುತ್ತಿತ್ತು, ಪಾಠವೂ ಪೂರ್ಣವಾಗುತ್ತಿತ್ತು. ತರಗತಿಯಲ್ಲಿ ಕಥೆಗೆ ವೇಳೆಯಿಲ್ಲವೆಂದು ಭಾವಿಸುವ ಅಧ್ಯಾಪಕ ಬಂಧುಗಳೂ, ಶಾಲೆಯ ಪುಸ್ತಕಭಂಡಾರಕ್ಕೆ ನೆರವಾಗುವ ದಾನಿಗಳೂ ಈ ಹಿರಿಯರನ್ನು ಒಮ್ಮೆ ನೆನೆದರೆ, ನಮ್ಮ ಮಕ್ಕಳ ಕನ್ನಡವು ಇನ್ನಷ್ಟು ಹಸನಾದೀತು.