ಮನೆಯಲ್ಲಿ ಹುಟ್ಟಿದ ಆಕಾಶವಾಣಿ

ಮಕ್ಕಳೇ, ರೇಡಿಯೋದಲ್ಲಿ ‘ಆಕಾಶವಾಣಿ’ ಎಂಬ ಹೆಸರನ್ನು ನೀವು ಕೇಳಿದ್ದೀರಲ್ಲವೇ? ಈ ಹೆಸರಿನ ಬಾನುಲಿ ಕೇಂದ್ರ ಮೊದಲು ಆರಂಭವಾದದ್ದು ಎಲ್ಲಿ ಗೊತ್ತೇ? ಯಾವ ದೊಡ್ಡ ಕಚೇರಿಯಲ್ಲೂ ಅಲ್ಲ, ಮೈಸೂರಿನ ಒಂದು ಮನೆಯಲ್ಲಿ! ಆ ಮನೆಯ ಯಜಮಾನರೇ ಡಾ. ಎಂ.ವಿ. ಗೋಪಾಲಸ್ವಾಮಿ.

ಗೋಪಾಲಸ್ವಾಮಿಯವರು 1896ರಲ್ಲಿ ಜನಿಸಿದರು. ಲಂಡನ್ನಿನಲ್ಲಿ ಹೆಸರಾಂತ ಮನೋವಿಜ್ಞಾನಿ ಸ್ಪಿಯರ್‌ಮನ್ ಅವರ ಬಳಿ ಕಲಿತರು. 1924ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನೋವಿಜ್ಞಾನ ವಿಭಾಗವನ್ನು ಕಟ್ಟಿದರು. ಅವರು ಎಂಜಿನಿಯರ್ ಆಗಿರಲಿಲ್ಲ, ಪಾಠ ಹೇಳುವ ಪ್ರಾಧ್ಯಾಪಕರು. ಆದರೂ ರೇಡಿಯೋ ಅವರನ್ನು ಸೆಳೆಯಿತು. ಅಂದು ನಮ್ಮ ನಾಡಿನಲ್ಲಿ ಓದು ಬರಹ ಬಲ್ಲವರು ಕಡಿಮೆ. ಅಕ್ಷರ ಬಾರದವರಿಗೂ ಕಿವಿಯ ಮೂಲಕ ತಿಳಿವಳಿಕೆ ತಲುಪಿಸುವ ಶಕ್ತಿ ರೇಡಿಯೋಗಿತ್ತು.

1935ರ ಸೆಪ್ಟೆಂಬರ್ 10ರಂದು ಅವರ ಮನೆ ‘ವಿಠಲ ವಿಹಾರ’ದಿಂದ ಪ್ರಸಾರ ಆರಂಭವಾಯಿತು. ಪ್ರಸಾರ ಯಂತ್ರದ ಶಕ್ತಿ ಕೇವಲ 30 ವ್ಯಾಟ್. ಹಳೆಯ ಉದ್ದನೆಯ ಟ್ಯೂಬ್‌ಲೈಟ್ ಕೂಡ 40 ವ್ಯಾಟ್‌ನದು ಎಂದರೆ ಅದೆಷ್ಟು ಪುಟ್ಟದೆಂದು ನೀವೇ ಊಹಿಸಿ! ಮುಂದೆ 250 ವ್ಯಾಟ್‌ನ ಯಂತ್ರ ಬಂದಿತು.

ಮನೆಯಲ್ಲಿ ಆಡಿದ ಮಾತು ರೇಡಿಯೋ ಯಂತ್ರಕ್ಕೆ ಹೋಗುವುದು ಹೇಗೆ? ಮೈಕಿನ ಮೂಲಕ. ನಾವು ಮಾತನಾಡಿದಾಗ ಗಾಳಿ ಕಂಪಿಸುತ್ತದೆ. ಆ ಕಂಪನ ಮೈಕಿನೊಳಗಿನ ತೆಳುಪೊರೆಯನ್ನು ಅಲುಗಿಸುತ್ತದೆ. ಆ ಅಲುಗಾಟವೇ ವಿದ್ಯುತ್ತಿನ ಏರಿಳಿತವಾಗುತ್ತದೆ. ಆದರೆ ಮೈಕಿಗೆ ನಮ್ಮ ಮಾತು ಯಾವುದು, ಪಾತ್ರೆಯ ಸದ್ದು ಯಾವುದು ಎಂಬುದು ತಿಳಿಯದು. ಎರಡನ್ನೂ ಹಿಡಿಯುತ್ತದೆ. ಆಮೇಲೆ ಧ್ವನಿ ಹೆಚ್ಚಿಸಿದರೆ ಗದ್ದಲವೂ ಜೊತೆಗೇ ಹೆಚ್ಚುತ್ತದೆ. ಆದ್ದರಿಂದ ಮಾತು ಸ್ಪಷ್ಟವಾಗಬೇಕಾದದ್ದು ಮೈಕಿನ ಮುಂದೆಯೇ.

ಕೇಂದ್ರ ನಡೆಸಲು ಗೋಪಾಲಸ್ವಾಮಿಯವರು ತಮ್ಮ ಕೈಯಿಂದಲೇ ಹಣ ಹಾಕಿದರು. ಖರ್ಚು ಬೆಳೆಯುತ್ತಾ ಹೋಯಿತು. ಒಬ್ಬರೇ ಹೊರಲಾಗದ ಭಾರವಾಯಿತು. ಆದರೂ ಅವರು ಕೇಂದ್ರವನ್ನು ಮುಚ್ಚಲಿಲ್ಲ, ಉಳಿಸಲೆಂದು ಬೇರೆಯವರ ಕೈಗೆ ಒಪ್ಪಿಸಿದರು. 1942ರಲ್ಲಿ ಮೈಸೂರು ಸರ್ಕಾರ ಅದನ್ನು ವಹಿಸಿಕೊಂಡಿತು. 1955ರ ನವೆಂಬರ್‌ನಲ್ಲಿ ಕೇಂದ್ರ ಬೆಂಗಳೂರಿಗೆ ಬಂದಿತು. ಅದೇ ದಶಕದಲ್ಲಿ ಇಡೀ ದೇಶದ ಸರ್ಕಾರಿ ರೇಡಿಯೋ ‘ಆಕಾಶವಾಣಿ’ ಎಂಬ ಹೆಸರನ್ನು ಪಡೆಯಿತು. ಗೋಪಾಲಸ್ವಾಮಿಯವರು 1957ರಲ್ಲಿ ನಿಧನರಾದರು. ಅವರ ಕೇಂದ್ರದ ಹೆಸರು ಇಂದಿಗೂ ದೇಶದ ಬಾಯಲ್ಲಿದೆ.

ಇಂದು ಬೆಂಗಳೂರಿನ ಜಯನಗರ, ಬನಶಂಕರಿಯ ಪುಟ್ಟ ಕೋಣೆಗಳಲ್ಲೂ ಜನ ತಮ್ಮ ಧ್ವನಿಯನ್ನು ಮುದ್ರಿಸುತ್ತಾರೆ. ಅವರು ಮೈಕನ್ನು ಹೇಗೆ ಆರಿಸಬೇಕು? ಮನೆ ರಸ್ತೆಯ ಪಕ್ಕದಲ್ಲಿದ್ದು ವಾಹನಗಳ ಸದ್ದು ಹೆಚ್ಚಿದ್ದರೆ ‘ಡೈನಾಮಿಕ್’ ಮೈಕು ಒಳ್ಳೆಯದು. ಅದರಲ್ಲಿ ತೆಳುಪೊರೆಗೆ ಅಂಟಿದ ತಂತಿಯ ಸುರುಳಿ ಅಯಸ್ಕಾಂತದ ಬಳಿ ಅಲುಗಿ ವಿದ್ಯುತ್ ಉಂಟಾಗುತ್ತದೆ. ಬಾಯಿಗೆ ಹತ್ತಿರ ಹಿಡಿದು ಮಾತನಾಡಿದರೆ ದೂರದ ಸದ್ದು ಅಷ್ಟಾಗಿ ಕೇಳದು. ‘ಕಂಡೆನ್ಸರ್’ ಮೈಕು ಸೂಕ್ಷ್ಮ. ಮೆಲ್ಲನೆಯ ಉಸಿರನ್ನೂ ಹಿಡಿಯುತ್ತದೆ, ಫ್ಯಾನಿನ ಸದ್ದನ್ನೂ ಬಿಡುವುದಿಲ್ಲ. ಅದಕ್ಕೆ ಸದ್ದಿಲ್ಲದ ಕೋಣೆಯೇ ಬೇಕು. ಬೆಲೆ ಹೆಚ್ಚೆಂದ ಮಾತ್ರಕ್ಕೆ ಎಲ್ಲ ಮನೆಗೂ ಒಂದೇ ಮೈಕು ಹೊಂದುವುದಿಲ್ಲ.

ಮಾಡಿ ನೋಡಿ: ಮನೆಯಲ್ಲಿ ಹಿರಿಯರ ಮೊಬೈಲ್ ಕೇಳಿ ಪಡೆಯಿರಿ. ನಿಮ್ಮ ಪಾಠದ ನಾಲ್ಕು ವಾಕ್ಯಗಳನ್ನು ಖಾಲಿ ಕೋಣೆಯಲ್ಲಿ, ಎರಡು ಮಾರು ದೂರದಿಂದ ಓದಿ ಮುದ್ರಿಸಿ. ಅದೇ ವಾಕ್ಯಗಳನ್ನು ಹಾಸಿಗೆ, ಕಂಬಳಿ ಇರುವ ಕೋಣೆಯಲ್ಲಿ ಫ್ಯಾನ್ ನಿಲ್ಲಿಸಿ, ಒಂದು ಗೇಣು ದೂರದಿಂದ ಓದಿ ಮುದ್ರಿಸಿ. ಎರಡನ್ನೂ ಕೇಳಿ. ಖಾಲಿ ಗೋಡೆ ಧ್ವನಿಯನ್ನು ಹಿಂದಕ್ಕೆ ಕಳುಹಿಸುತ್ತದೆ, ಹತ್ತಿಯೂ ಉಣ್ಣೆಯೂ ಅದನ್ನು ಹೀರಿಕೊಳ್ಳುತ್ತವೆ. ಹೊಸ ಮೈಕು ಕೊಳ್ಳದೆಯೇ ನಿಮ್ಮ ಧ್ವನಿ ಎಷ್ಟು ತಿಳಿಯಾಯಿತು ಎಂಬುದನ್ನು ತರಗತಿಯಲ್ಲಿ ಗೆಳೆಯರಿಗೆ ಹೇಳಿ.